ಒಟ್ಟಿಗೆ ಬಿಗಿದ ಎರಡು ಪ್ಲೇಟು

“ಕಂಡರೆ ಆಗದವನ ಜೊತೆ ಒಂದೇ ಕೆಲಸ ಮಾಡೋದು ಹೆಂಗೆ, ಮೇಸ್ತ್ರಿ?”

ಓಬಳೇಶ ಹೀಗೆ ಕೇಳಿದಾಗ ಕಾಟಯ್ಯ ಮೇಸ್ತ್ರಿ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಓಬಳೇಶ ಅವರ ವೆಲ್ಡಿಂಗ್ ಶೆಡ್ಡಿಗೆ ಸೇರಿ ಆರು ವರ್ಷ. ಮೀಸೆ ಬಲಿತ, ಹೆಂಡತಿ ಮಕ್ಕಳಿರುವ ಶಿಷ್ಯ. ಕೆಲಸ ಬಲ್ಲವನು, ತಾನು ಬಲ್ಲೆನೆಂಬುದನ್ನು ಅದಕ್ಕಿಂತ ಚೆನ್ನಾಗಿ ಬಲ್ಲವನು. ಹದಿನೈದು ದಿನದ ಹಿಂದೆ ಮೇಸ್ತ್ರಿ ಒಂದು ಶಾಲೆಯ ದೊಡ್ಡ ಗೇಟನ್ನು ಅವನಿಗೂ ಶೆಡ್ಡಿನ ಇನ್ನೊಬ್ಬ ಕೆಲಸಗಾರ ತಿಪ್ಪೇಶನಿಗೂ ಸೇರಿಸಿ ಒಪ್ಪಿಸಿದ್ದರು. ತಿಪ್ಪೇಶ ಅಳೆದದ್ದನ್ನು ಓಬಳೇಶ ಮತ್ತೆ ಅಳೆಯುತ್ತಿದ್ದ. ಓಬಳೇಶ ಬೆಸೆದದ್ದನ್ನು ತಿಪ್ಪೇಶ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದ. ಇಬ್ಬರ ನಡುವೆ ಸಿಕ್ಕಿ ಗೇಟು ಇದ್ದಲ್ಲೇ ಇತ್ತು.

“ಅವನನ್ನ ಬೇರೆ ಕಡೆ ಹಾಕ್ರಿ. ಇಲ್ಲಾಂದ್ರೆ ನಾಳೆಯಿಂದ ನಾನು ಶೆಡ್ಡಿಗೆ ಬರಲ್ಲ. ಈ ಕೈ ಇದ್ದರೆ ಯಾವ ಊರಾಗಾದ್ರೂ ಅನ್ನ ಹುಟ್ತೈತೆ,” ಎಂದ ಓಬಳೇಶ.

ಮೇಸ್ತ್ರಿ ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡರು.

“ಹುಟ್ತೈತೆ, ಯಾರು ಇಲ್ಲ ಅಂದರು? ಕೂತ್ಕೋ. ಒಬ್ಬ ವೆಲ್ಡರನ ಕತೆ ಹೇಳ್ತೀನಿ. ಕೇಳಿ ಆದ ಮೇಲೆ ಹೋಗೋದಾದ್ರೆ ಹೋಗು.”

ಓಬಳೇಶ ಕೂತ. ಮೇಸ್ತ್ರಿ ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಗ್ಯಾರೇಜುಗಳದೇ ಒಂದು ಬೀದಿ ಇತ್ತು. ಆ ಬೀದಿಗೆ ಹಳ್ಳಿಯಿಂದ ಒಬ್ಬ ವೆಲ್ಡರ್ ಬಂದು ಅಂಗಡಿ ಇಟ್ಟ. ನೇಗಿಲು, ಕುಂಟೆ, ಟ್ರೇಲರಿನ ಅಚ್ಚು ಬೆಸೆದು ಕೈ ಪಳಗಿಸಿಕೊಂಡವನು. ಬಂದ ವರ್ಷದೊಳಗೆ ಬೀದಿಯಲ್ಲೆಲ್ಲ ಅವನದೇ ಹೆಸರು. ಆ ಹೆಸರಿನಲ್ಲಿ ಅರ್ಧವನ್ನು ಅವನ ಕೈ ಗಳಿಸಿತ್ತು, ಉಳಿದರ್ಧವನ್ನು ಅವನ ಬಾಯಿ ಗಳಿಸಿತ್ತು.

ಕೈಯೇನೂ ಸಾಮಾನ್ಯದ್ದಲ್ಲ. ಕಿಡಿ ಹಚ್ಚಿದನೆಂದರೆ ಈ ತುದಿಯಿಂದ ಆ ತುದಿ ಮುಟ್ಟುವವರೆಗೆ ನಿಲ್ಲಿಸುತ್ತಿರಲಿಲ್ಲ. ರಾಡು ಮುಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ರಾಡು. ಬೆಸುಗೆ ಹೆಣೆದ ಜಡೆಯ ಹಾಗೆ ಸಾಲಾಗಿ ಬಂದು ಕೂರುತ್ತಿತ್ತು.

“ಇದು ಒಂದೇ ಉಸಿರಿನ ಬೆಸುಗೆ. ಈ ಬೀದಿಯಾಗೆ ಇನ್ನೊಬ್ಬನ ಕೈಲಿ ಆಗೋದಾದ್ರೆ ಮಾಡಿ ತೋರಿಸ್ಲಿ,” ಎನ್ನುತ್ತಿದ್ದ. ಎದುರಂಗಡಿಗೆ ಕೇಳುವಷ್ಟು ಗಟ್ಟಿಯಾಗಿಯೇ ಎನ್ನುತ್ತಿದ್ದ.

ಎದುರಂಗಡಿಯಲ್ಲೂ ಒಬ್ಬ ವೆಲ್ಡರ್ ಇದ್ದ. ವಯಸ್ಸಿನಲ್ಲಿ ನಾಲ್ಕು ವರ್ಷ ಹಿರಿಯ, ಮಾತಿನಲ್ಲಿ ನಾಲ್ಕರಲ್ಲಿ ಒಂದು ಪಾಲು. ಅವನದು ನಿಧಾನದ ಕೆಲಸ. ಒಂದು ಚುಕ್ಕೆ ಇಟ್ಟು, ಮುಖದ ಕವಚ ಎತ್ತಿ, ಕತ್ತು ವಾಲಿಸಿ ನೋಡಿ, ಮತ್ತೊಂದು ಚುಕ್ಕೆ ಇಡುವವನು. ತನ್ನ ನಿಧಾನದ ಬಗ್ಗೆ ಅವನಿಗೆ ಇದ್ದ ಹೆಮ್ಮೆ ಇವನ ಬಿರುಸಿನ ಹೆಮ್ಮೆಗಿಂತ ಒಂದು ಗುಲಗಂಜಿಯೂ ಕಡಿಮೆ ಇರಲಿಲ್ಲ. ಆಡಿ ತೋರಿಸುತ್ತಿರಲಿಲ್ಲ, ಅಷ್ಟೇ. ಇವನು ಕೂಗಿ ಹೇಳಿದಾಗಲೆಲ್ಲ ಅವನು ಒಂದು ಸಣ್ಣ ನಗೆ ನಕ್ಕು ತಲೆ ತಗ್ಗಿಸುತ್ತಿದ್ದ. ಹಳ್ಳಿಯಿಂದ ಬಂದ ವೆಲ್ಡರಿಗೆ ಬೈಗುಳಕ್ಕಿಂತ ಆ ನಗೆಯೇ ಹೆಚ್ಚು ಉರಿಯುತ್ತಿತ್ತು. ಇಬ್ಬರೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಿರಲಿಲ್ಲ.

ಒಂದು ಬುಧವಾರ ಒಬ್ಬ ಜೀಪಿನವನು ಈ ವೆಲ್ಡರನ ಅಂಗಡಿ ಮುಂದೆ ಜೀಪು ನಿಲ್ಲಿಸಿದ. ಭಾನುವಾರ ಊರಾಚೆಯ ಮೈದಾನದಲ್ಲಿ ಜೀಪುಗಳ ಓಟ. ಇಂಜಿನ್ನಿನ ಹೊಗೆ ಸಲೀಸಾಗಿ ಹೊರಗೆ ಹೋದಷ್ಟೂ ಜೀಪಿಗೆ ಕಸುವು ಹೆಚ್ಚು. ಕಂಪನಿ ಕೊಟ್ಟ ಎರಕದ ಕೊಳವೆ ಗಿಡ್ಡ, ಇಕ್ಕಟ್ಟು. ಅದನ್ನು ತೆಗೆದು, ನಾಲ್ಕು ಉದ್ದನೆಯ ಕೊಳವೆ ಬಗ್ಗಿಸಿ, ಇಂಜಿನ್ನಿಗೆ ಕೂರುವ ಒಂದು ಚಪ್ಪಟೆ ಪ್ಲೇಟಿಗೆ ನಾಲ್ಕನ್ನೂ ಬೆಸೆದುಕೊಡಬೇಕು. ಹೆಡ್ಡರು ಎನ್ನುತ್ತಾರೆ ಅದಕ್ಕೆ. ಕೊಳವೆ ಬೆಸೆಯುವುದು ಯಾರಿಗಾದರೂ ಬರುತ್ತದೆ. ಪ್ಲೇಟು ಬಗ್ಗದ ಹಾಗೆ ಬೆಸೆಯುವುದು ಬರಬೇಕು. ಪ್ಲೇಟು ಒಂದು ಎಳೆ ಬಗ್ಗಿದರೂ ಇಂಜಿನ್ನಿಗೂ ಅದಕ್ಕೂ ನಡುವೆ ಸಂದು. ಸಂದಿನಿಂದ ಬೆಂಕಿ ಹೊರಗೆ ಬಂದು ನಡುವೆ ಇಟ್ಟ ಪ್ಯಾಕಿಂಗ್ ಸುಡುತ್ತದೆ, ಜೀಪು ಕೆಮ್ಮುತ್ತ ನಿಲ್ಲುತ್ತದೆ.

“ಆಗ್ತೈತಾ?” ಎಂದು ಜೀಪಿನವನು ಕೇಳಿದ.

ವೆಲ್ಡರ್ ಬೀದಿಯ ನಡುವೆ ಬಂದು ನಿಂತ. ಅಂಥ ಮಾತನ್ನು ಅಂಗಡಿಯೊಳಗೆ ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

“ಆಗ್ತೈತಾ ಅಂತ ಕೇಳ್ತೀಯಲ್ಲೋ ಮಾರಾಯ! ಪ್ಲೇಟು ಕೂದಲೆಳೆಯಷ್ಟು ಬಗ್ಗಿದ್ರೆ ಈ ಬೀದಿಯಾಗೆ ನಾನು ಇನ್ನು ವೆಲ್ಡಿಂಗ್ ಹೋಲ್ಡರ್ ಮುಟ್ಟಲ್ಲ. ಶಟರ್ ಎಳ್ಕೊಂಡು ಊರಿಗೆ ಹೋಗಿ ಕುಂಟೆ ಬೆಸೀತೀನಿ.”

ಎದುರಂಗಡಿಯವನು ತಲೆ ಎತ್ತಿದ. ಅಪರೂಪಕ್ಕೆ ಬಾಯಿ ಬಿಟ್ಟ.

“ಬೀದಿಯೋರೆಲ್ಲಾ ಕೇಳಿಸ್ಕೊಂಡ್ರೇನ್ರಪ್ಪಾ?”

ಕೇಳಿಸಿಕೊಂಡಿದ್ದೇವೆ ಎಂದು ಟಯರಿನವನು, ಬ್ಯಾಟರಿಯವನು, ಬಣ್ಣ ಹೊಡೆಯುವವನು ಎಲ್ಲರೂ ಕೂಗಿದರು. ಅಲ್ಲಿಗೆ ಮಾತು ಕಲ್ಲಿನಲ್ಲಿ ಕೊರೆದ ಹಾಗಾಯಿತು. ಅದೇ ಸಂಜೆ ಅದೇ ಓಟದ ಇನ್ನೊಬ್ಬ ಜೀಪಿನವನು ಎದುರಂಗಡಿಗೆ ಹೋಗಿ ಅಂಥದ್ದೇ ಹೆಡ್ಡರಿಗೆ ಹೇಳಿದ. ಜೀಪೂ ಅದೇ ಜಾತಿಯದು, ಪ್ಲೇಟೂ ಅದೇ ಅಳತೆಯದು. ಎದುರಂಗಡಿಯವನು ಬೀದಿಗೆ ಬಂದು ಏನೂ ಹೇಳಲಿಲ್ಲ. ಸಣ್ಣ ನಗೆ ನಕ್ಕು ಒಪ್ಪಿಕೊಂಡ.

ಬೀದಿಯ ಕೊನೆಯಲ್ಲಿ ಲೇತಿನಂಗಡಿ. ಅದನ್ನು ನಡೆಸುತ್ತಿದ್ದವಳು ಒಬ್ಬ ಗಟ್ಟಿಗಿತ್ತಿ. ಅಪ್ಪನ ಪಕ್ಕದಲ್ಲಿ ನಿಂತು ಕೆಲಸ ಕಲಿತವಳು, ಬೀದಿಗೆಲ್ಲ ಅಕ್ಕ. ಇಬ್ಬರೂ ಹೇಳಿಕಳಿಸಿದ್ದರಿಂದ ಅವಳು ಒಂದೇ ಹಾಳೆಯಿಂದ ಆರು ಪ್ಲೇಟು ಕೊಯ್ದಳು. ಒಂದೊಂದಕ್ಕೂ ಹೊಗೆ ಹೋಗಲು ನಾಲ್ಕು ದೊಡ್ಡ ತೂತು, ಬೋಲ್ಟಿಗೆ ಎಂಟು ಸಣ್ಣ ತೂತು. ಕೆಟ್ಟರೆ ಇರಲಿ ಎಂದು ಹೆಚ್ಚಿಗೆ ಕೊಯ್ದಿದ್ದಳು.

ವೆಲ್ಡರ್ ಗುರುವಾರ ಬೆಳಿಗ್ಗೆ ಮೊದಲನೆಯ ಪ್ಲೇಟು ತಂದ. ನಾಲ್ಕು ಕೊಳವೆ ನಿಲ್ಲಿಸಿದ. ಕಿಡಿ ಹಚ್ಚಿದ. ಒಂದೇ ಉಸಿರು. ಮೊದಲ ತೂತಿನಿಂದ ನಾಲ್ಕನೆಯದರವರೆಗೆ ಗಾಳಿ ಬೀಸಿದ ಹಾಗೆ ಹೋದ. ನೋಡಲು ನಿಂತವರು ಭೇಷ್ ಎಂದರು. ಎಲ್ಲರೂ ಹೋದ ಮೇಲೆ ಅವನು ಪ್ಲೇಟನ್ನು ಹಳೆಯ ಬಸ್ಸಿನ ಕಿಟಕಿ ಗಾಜಿನ ಮೇಲೆ ಇಟ್ಟ. ಚಪ್ಪಟೆ ನೋಡಲು ಬೀದಿಯವರೆಲ್ಲ ಇಟ್ಟುಕೊಂಡಿದ್ದ ಉಪಾಯ ಅದು. ಗಾಜಿನ ಮೇಲೆ ಇಟ್ಟು ಕೆಳಗೆ ಗಡ್ಡದ ಬ್ಲೇಡು ತೂರಿಸಬೇಕು. ತೂರದಿದ್ದರೆ ಚಪ್ಪಟೆ. ಅವನ ಪ್ಲೇಟು ನಡುವೆ ಮಾತ್ರ ಗಾಜಿಗೆ ತಾಗಿ, ಎರಡು ತುದಿಗಳನ್ನೂ ದೋಣಿಯ ಹಾಗೆ ಮೇಲಕ್ಕೆತ್ತಿ ಕೂತಿತ್ತು. ಬ್ಲೇಡಲ್ಲ, ಕಿರುಬೆರಳೇ ತೂರುವಂತಿತ್ತು.

ಟ್ರೇಲರಿನ ಅಚ್ಚು ದಪ್ಪ. ಎಷ್ಟು ಕಾಯಿಸಿದರೂ ಅದು ಅಲುಗುವುದಿಲ್ಲ. ಈ ಪ್ಲೇಟು ಅಚ್ಚಲ್ಲ. ಅದು ಅವನಿಗೆ ಗೊತ್ತಾಯಿತು, ಆದರೆ ತನ್ನ ಕೈಯದು ತಪ್ಪು ಎಂದು ಗೊತ್ತಾಗಲಿಲ್ಲ. ಹಿಡಿದು ಕೂರಿಸಿದರೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡ. ಎರಡನೆಯ ಪ್ಲೇಟನ್ನು ಮೇಜಿಗೆ ಎರಡು ಕ್ಲಾಂಪಿನಿಂದ ಬಿಗಿದು ಬೆಸೆದ. ಬೆಸುಗೆಯ ಕೆಂಪು ಇಳಿಯುವುದಕ್ಕೂ ಕಾಯಲಿಲ್ಲ. ಜೀಪಿನವನು ಬಂದು ನೋಡಲಿ ಎಂಬ ಆತುರದಲ್ಲಿ ಕ್ಲಾಂಪು ಬಿಚ್ಚಿದ. ಟಣ್ ಎಂದಿತು. ಅವನ ಕಣ್ಣೆದುರೇ ಪ್ಲೇಟು ಮೈಮುರಿದು ಎದ್ದಿತು. ಸುತ್ತಿಗೆಯಿಂದ ಬಡಿದು ಕೂರಿಸಲು ಹೋದ. ಬೆಸುಗೆ ಬಿರಿಯಿತು.

ಅವತ್ತು ಅವನು ಊಟ ಮಾಡಲಿಲ್ಲ. ಎದುರಂಗಡಿಯತ್ತ ಕಳ್ಳಗಣ್ಣಿನಿಂದ ನೋಡಿದ. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಕಿಡಿ ಹಾರುತ್ತಿತ್ತು. ಅವನದಂತೂ ನೆಟ್ಟಗೆ ಬಂದಿರುತ್ತದೆ ಎಂದುಕೊಂಡ. ಭಾನುವಾರ ಬೀದಿಯವರೆಲ್ಲ ತನ್ನ ಶಟರಿನ ಮುಂದೆ ನಿಂತು ಹೇಳಿದ್ದನ್ನು ಮಾಡು ಎಂದರೆ ಏನು ಮಾಡುವುದು? ಕುಂಟೆ ಬೆಸೆಯುವುದಕ್ಕೆ ಅವನಿಗೆ ನಾಚಿಕೆಯಿರಲಿಲ್ಲ. ಪೇಟೆಗೆ ಹೋಗಿ ಗೆದ್ದೆ ಎಂದು ಊರೆಲ್ಲ ಹೇಳಿಕೊಂಡು, ತಿರುಗಿ ಹೋಗಿ ಕುಂಟೆ ಬೆಸೆಯುವುದಕ್ಕೆ ನಾಚಿಕೆಯಿತ್ತು.

ಶುಕ್ರವಾರ ಬೆಳಿಗ್ಗೆ, ಅಂಗಡಿಯಲ್ಲಿಟ್ಟರೆ ಯಾರಾದರೂ ಕಂಡಾರೆಂದು ಕೆಟ್ಟ ಎರಡು ಪ್ಲೇಟನ್ನೂ ಗೋಣಿಚೀಲಕ್ಕೆ ಹಾಕಿಕೊಂಡು, ಬೀದಿಯಲ್ಲಿ ಹೋದರೆ ಯಾರಾದರೂ ಕೇಳುತ್ತಾರೆಂದು ಹಿಂದಿನ ಸಂದಿಯಿಂದ ಲೇತಿನಂಗಡಿಗೆ ಹೋದ. ಮೂರನೆಯ ಪ್ಲೇಟು ಈಸಿಕೊಂಡು ಬರಬೇಕು, ಯಾರಿಗೂ ತಿಳಿಯಬಾರದು. ಬಾಗಿಲ ಹತ್ತಿರ ಬಂದಾಗ ಇನ್ನೊಂದು ಸಂದಿಯಿಂದ ಎದುರಂಗಡಿಯವನು ಬಂದ. ಅವನ ಬೆನ್ನ ಹಿಂದೆಯೂ ಒಂದು ಗೋಣಿಚೀಲ.

ಇಬ್ಬರೂ ನಿಂತರು. ಇವನ ಚೀಲ ಸದ್ದು ಮಾಡಿತು. ಅವನ ಚೀಲವೂ ಸದ್ದು ಮಾಡಿತು.

ಅಕ್ಕ ಲೇತು ನಿಲ್ಲಿಸಿ ಇಬ್ಬರನ್ನೂ ನೋಡಿದಳು.

“ಏನ್ರೋ ಅದು, ಇಬ್ಬರೂ ಚೀಲದಾಗೆ ಹಾವು ಹಿಡ್ಕೊಂಡು ಬಂದೀರಾ? ಬಿಡ್ರಿ ಆಚೆಗೆ, ನೋಡಾನ.”

ಮೊದಲು ಬಿಡುವವನು ಯಾರು? ಅವಳೇ ಎರಡೂ ಚೀಲ ಕಿತ್ತುಕೊಂಡು ಕಲ್ಲಿನ ಮೇಲೆ ಸುರಿದಳು. ನಾಲ್ಕು ಪ್ಲೇಟು. ನಾಲ್ಕೂ ದೋಣಿ.

ವೆಲ್ಡರಿಗೆ ಮೊದಲು ಆದದ್ದು ಖುಷಿ. ಹುಳುಕು ಖುಷಿ, ಆದರೂ ಖುಷಿಯೇ. ನಿಧಾನದವನ ಪ್ಲೇಟೂ ಬಗ್ಗಿದೆ! ಆ ಖುಷಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಅವನದು ಬಗ್ಗಿದರೆ ಇವನದು ನೆಟ್ಟಗಾಗುವುದಿಲ್ಲವಲ್ಲ.

ಅಕ್ಕ ಇವನದೊಂದು ಅವನದೊಂದು ಪ್ಲೇಟು ಕೈಗೆತ್ತಿಕೊಂಡಳು. ಕೊಳವೆ ಆಚೆಯಾಗುವಂತೆ ಎರಡರ ಮುಖವನ್ನೂ ಒಂದಕ್ಕೊಂದು ತಾಗಿಸಿದಳು. ನಡುವೆ ತಾಗಿದವು. ತುದಿಗಳು ಒಂದು ಇತ್ತ, ಒಂದು ಅತ್ತ ದೂರ ಹೋಗಿದ್ದವು, ಮುನಿಸಿಕೊಂಡವರ ಹಾಗೆ.

“ನೋಡ್ರಿ. ಬಿರುಸಿನವನು ಎಷ್ಟು ಬಗ್ಗಿಸ್ಯಾನೋ ನಿಧಾನದವನೂ ಅಷ್ಟೇ ಬಗ್ಗಿಸ್ಯಾನೆ. ಬೆಸುಗೆ ಆರುವಾಗ ಕುಗ್ತೈತೆ. ಕುಗ್ಗುವಾಗ ಪ್ಲೇಟನ್ನ ತನ್ನ ಕಡೆ ಎಳೀತೈತೆ. ಎದುರಿಗೆ ಎಳೆಯೋರು ಯಾರೂ ಇಲ್ಲಾಂದ್ರೆ ಪ್ಲೇಟು ಪಾಪ ಏನು ಮಾಡ್ತೈತೆ? ಬರ್ತೈತೆ.”

ಅವಳ ಹತ್ತಿರ ಉಳಿದದ್ದು ಎರಡೇ ಪ್ಲೇಟು. ಅಂಥ ಹಾಳೆ ಮತ್ತೆ ಪೇಟೆಗೆ ಬರುವುದು ಸೋಮವಾರ. ಇವನಿಗೊಂದು ಅವನಿಗೊಂದು ಎಂದುಕೊಂಡು ಇಬ್ಬರೂ ಕೈ ಚಾಚಿದರು. ಅಕ್ಕ ಕೊಡಲಿಲ್ಲ. ಎರಡನ್ನೂ ಮುಖಕ್ಕೆ ಮುಖ ಇಟ್ಟು, ಎಂಟು ತೂತಿಗೂ ಎಂಟು ಬೋಲ್ಟು ತೂರಿಸಿ, ಬೋಲ್ಟು ತಿರುಗಿಸುವ ಪಾನಕ್ಕೆ ಒಂದು ಮೊಳ ಪೈಪು ಸಿಕ್ಕಿಸಿ, ಕಾಲು ಊರಿ ಬಿಗಿದಳು. ಎರಡು ಪ್ಲೇಟು ಒಂದೇ ಪ್ಲೇಟಾಯಿತು.

“ಈ ಕಡೆ ನಿಂದು, ಆ ಕಡೆ ಅವನದು. ಬಿಚ್ಚದೆ ಬೆಸೀರಿ. ಬಿಚ್ಚಿ ಒಂದೊಂದು ತಗೊಂಡು ಹೋದ್ರೆ ಇನ್ನು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ್ರಿ.”

“ಅಕ್ಕಾ, ಇವನ ಜೊತೇಲಾ?” ಎಂದ ವೆಲ್ಡರ್.

“ಮದುವೆ ಆಗು ಅಂದೆನಾ? ಬೆಸಿ ಅಂದೆ.”

ಪ್ಲೇಟಿನ ಒಂದು ತುದಿ ಇವನು ಹಿಡಿದ, ಇನ್ನೊಂದು ತುದಿ ಅವನು. ಈ ಸಲ ಸಂದಿಯಲ್ಲಿ ಹೋಗಲು ಆಗಲಿಲ್ಲ. ಸಂದಿ ಇಬ್ಬರು ಹೊರುವಷ್ಟು ಅಗಲವಿರಲಿಲ್ಲ. ಬೀದಿಯ ನಡುವೆಯೇ ಬಂದರು. ಬ್ಯಾಟರಿಯವನು ಕೆಲಸ ಬಿಟ್ಟು ಎದ್ದು ನಿಂತ.

“ಏನಣ್ಣಾ, ಬೀಗರಾದ್ರಾ?”

ಇಬ್ಬರೂ ಉತ್ತರ ಕೊಡಲಿಲ್ಲ. ಅದೇ ಮೊದಲ ಬಾರಿಗೆ ಇಬ್ಬರೂ ಒಂದೇ ಕೆಲಸ ಮಾಡಿದ್ದು.

ಈಗ ಬೆಸೆಯುವುದು ಎಲ್ಲಿ? ಅವನ ಅಂಗಡಿಗೆ ಇವನು ಕಾಲಿಡುವುದಿಲ್ಲ. ಇವನ ಅಂಗಡಿಗೆ ಅವನು ಬರುವುದಿಲ್ಲ. ಕೊನೆಗೆ ಎರಡಕ್ಕೂ ನಡುವೆ, ಮುಚ್ಚಿದ್ದ ಒಂದು ಸೈಕಲ್ಲಂಗಡಿಯ ಮುಂದೆ ಒಂದು ಭಾರದ ಕಬ್ಬಿಣದ ಸ್ಟ್ಯಾಂಡು ತಂದಿಟ್ಟು ಪ್ಲೇಟನ್ನು ಅಡ್ಡಂಚಿನ ಮೇಲೆ ನಿಲ್ಲಿಸಿ ಬಿಗಿದರು. ಇವನ ಅಂಗಡಿಯಿಂದ ಒಂದು ವೈರು, ಅವನ ಅಂಗಡಿಯಿಂದ ಒಂದು ವೈರು. ಆಟೋದವರು ಬೈದುಕೊಂಡು ವೈರು ದಾಟಿಸಿದರು.

ಇಬ್ಬರೂ ಆಚೀಚೆ ನಿಂತು ತಮ್ಮ ತಮ್ಮ ಕೊಳವೆ ನಿಲ್ಲಿಸಿದರು. ಒಬ್ಬೊಬ್ಬರಾಗಿ ಅಲ್ಲಲ್ಲಿ ಒಂದೊಂದು ಚುಕ್ಕೆ ಇಟ್ಟು ಹಿಡಿಸಿದರು. ಅಕ್ಕ ಹೇಳಿದ್ದ ಹಾಗೆ, ಒಂದು ಬೆರಳಿನಷ್ಟು ಇವನು ಬೆಸೆಯಬೇಕು, ನಿಲ್ಲಿಸಬೇಕು. ಆಮೇಲೆ ಆ ಕಡೆ ಒಂದು ಬೆರಳಿನಷ್ಟು ಅವನು. ಇವನು ಎರಡನೆಯ ಕೊಳವೆ ಬೆಸೆದರೆ ಅವನು ಅದರಿಂದ ದೂರದ ಕೊಳವೆ ಬೆಸೆಯಬೇಕು. ಬಿಸಿ ಒಂದೇ ಕಡೆ ಸೇರಬಾರದು.

ವೆಲ್ಡರ್ ಕಿಡಿ ಹಚ್ಚಿದ. ಬೆರಳು ಮುಗಿಯಿತು. ಕೈ ನಿಲ್ಲಲಿಲ್ಲ. ಆ ಕೈಗೆ ನಿಂತು ಗೊತ್ತಿದ್ದರೆ ತಾನೆ? ಆ ಕಡೆಯಿಂದ ಸುತ್ತಿಗೆಯ ಸದ್ದು. ಟಕ್ ಟಕ್.

“ಬೆರಳು ಮುಗೀತು ಕಣಪ್ಪ. ಅದು ಬೆರಳೋ, ಬಾಳೆದಿಂಡೋ?”

ವೆಲ್ಡರ್ ಹಲ್ಲು ಕಚ್ಚಿ ಕವಚ ಎತ್ತಿದ. ಈಗ ಅವನ ಸರದಿ. ಅವನು ಒಂದು ಚುಕ್ಕೆ ಇಟ್ಟ. ಕತ್ತು ವಾಲಿಸಿ ನೋಡಿದ. ಇನ್ನೊಂದು ಚುಕ್ಕೆ. ಬೇರೆ ಕೆಲಸವಿಲ್ಲದೆ ನಿಂತಿದ್ದ ವೆಲ್ಡರ್ ಬಗ್ಗಿ ಆ ಬೆಸುಗೆ ನೋಡಿದ. ಮೂರು ವರ್ಷ ಎದುರಿಗೇ ಇದ್ದರೂ ಅವನ ಬೆಸುಗೆಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಲೋಹ ಮೇಲೆ ಕೂತಿತ್ತು, ಒಳಗೆ ಇಳಿದಿರಲಿಲ್ಲ.

“ಇದು ಬೆಸುಗೆಯಲ್ಲ ಅಣ್ಣೋ, ಅಜ್ಜಿ ಇಟ್ಟ ರಂಗೋಲಿ. ಮೊದಲನೇ ಗುಂಡಿಗೆ ಜೀಪು ಎಗರಿದ್ರೆ ಅಳಿಸಿ ಹೋಗ್ತೈತೆ. ಕರೆಂಟು ಏರಿಸು.”

ಎದುರಂಗಡಿಯವನ ಸಣ್ಣ ನಗೆ ಮಾಯವಾಯಿತು. ಒಂದು ಗಳಿಗೆ ಇವನ ಮುಖ ದುರುಗುಟ್ಟಿ ನೋಡಿದ. ಆಮೇಲೆ ಸುತ್ತಿಗೆ ತೆಗೆದು ತಾನಿಟ್ಟ ಚುಕ್ಕೆಗೆ ಒಂದು ಏಟು ಕೊಟ್ಟ. ಚುಕ್ಕೆ ಕಿತ್ತು ಬಂತು. ಅವನು ಹೋಗಿ ಕರೆಂಟು ಏರಿಸಿ ಬಂದ.

ಅಲ್ಲಿಂದ ಮುಂದೆ ಕೆಲಸ ಕೆಲಸದ ಹಾಗೆ ನಡೆಯಿತು. ಬೆರಳು ಮೀರಿದರೆ ಅವನು ತಟ್ಟುತ್ತಿದ್ದ. ಬೆಸುಗೆ ಮೇಲೆ ಕೂತರೆ ಇವನು ಕೂಗುತ್ತಿದ್ದ. ಬೈಗುಳ ಆಚೆಗೊಂದು ಈಚೆಗೊಂದು. ಬೀದಿಯವರು ಚಹಾ ಹಿಡಿದು ನೋಡಲು ನಿಂತರು. ಅವನ ಸರದಿ ಮುಗಿಯುವುದನ್ನು ಕಾಯುತ್ತ ನಿಂತಾಗ ವೆಲ್ಡರನ ಗಮನಕ್ಕೆ ಒಂದು ವಿಷಯ ಬಂತು. ತಾನು ಕಾಯುವಷ್ಟು ಹೊತ್ತೂ ತನ್ನ ಬೆಸುಗೆ ಆರುತ್ತಿದೆ. ಆರುತ್ತ ಈ ಕಡೆ ಎಳೆಯುತ್ತಿದೆ. ಆ ಕಡೆ ಅವನದು ಎಳೆಯುತ್ತಿದೆ. ಎರಡರ ನಡುವೆ ಪ್ಲೇಟು ಮಿಸುಕದೆ ನಿಂತಿದೆ.

ಹೊತ್ತು ಇಳಿಯುವ ಮುಂಚೆ ಎಂಟು ಕೊಳವೆಯ ಬೆಸುಗೆಯೂ ಮುಗಿಯಿತು. ಇನ್ನು ಆರಬೇಕು. ಬೋಲ್ಟು ಬಿಗಿದಿದ್ದ ಹಾಗೆಯೇ ಆರಬೇಕು. ಆಗ ಎದುರಂಗಡಿಯವನ ಜೀಪಿನವನು ಬಂದ. ಬಂದವನೇ ಹಾರ್ನು ಬಾರಿಸಿದ. ಜೀಪಿಗೆ ಈಗಲೇ ಕೂರಿಸಿ ನೋಡಬೇಕಂತೆ, ಓಡಿಸಿ ನೋಡಬೇಕಂತೆ, ಕತ್ತಲಾಗುತ್ತದಂತೆ. ಹುಟ್ಟಿದಾಗಿನಿಂದ ಆತುರವೆಂಬುದನ್ನೇ ಕಾಣದ ಎದುರಂಗಡಿಯವನಿಗೆ ಅಷ್ಟು ಜನರೆದುರು ಏನಾಯಿತೋ, ಪಾನ ಎತ್ತಿಕೊಂಡು ಮೊದಲ ಬೋಲ್ಟಿಗೆ ಹಾಕಿಯೇಬಿಟ್ಟ.

ವೆಲ್ಡರ್ ಓಡಿ ಬಂದು ಆ ಕೈ ಹಿಡಿದ.

“ಬಿಚ್ಚಬ್ಯಾಡ!”

“ಬಿಡಪ್ಪ. ಕೆಂಪೆಲ್ಲಾ ಹೋಗೈತೆ. ಆರೈತೆ.”

“ಕೆಂಪು ಹೋದ್ರೆ ಆರಿದಂಗಲ್ಲ. ನಾನು ಬಿಚ್ಚಿ ನೋಡೀನಿ.”

“ನೀನ್ಯಾವಾಗ ನೋಡಿದೆ?” ಎಂದ ಬ್ಯಾಟರಿಯವನು.

ವೆಲ್ಡರ್ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ. ಹೇಳಿದರೆ ಬುಧವಾರದ ಮಾತು ಬೀದಿಯೆದುರು ಬಿದ್ದುಹೋಗುತ್ತದೆ. ಹೇಳದಿದ್ದರೆ ಆ ಬೋಲ್ಟು ತಿರುಗುತ್ತದೆ, ಎರಡು ಪ್ಲೇಟೂ ಹೋಗುತ್ತವೆ. ಹಿಡಿದ ಕೈ ಬಿಡದೆ, ಯಾವಾಗಲೂ ಕೂಗುವಷ್ಟೇ ಗಟ್ಟಿಯಾಗಿ ಕೂಗಿದ.

“ನಿನ್ನೆ! ನಿನ್ನೆ ಎರಡು ಪ್ಲೇಟು ಕೆಡಿಸೀನಿ. ಒಂದು ನಿಲ್ಲದೆ ಬೆಸೆದು ಕೆಡಿಸ್ದೆ, ಒಂದು ಬಿಸೀಲಿ ಬಿಚ್ಚಿ ಕೆಡಿಸ್ದೆ. ಈ ಬೀದಿಯಾಗೆ ಒಂದೇ ದಿನಕ್ಕೆ ಎರಡು ಕೆಡಿಸಿದ ಗಂಡು ನಾನೊಬ್ಬನೇ ಕಣ್ರೋ! ನಗಬೇಕಾದ್ರೆ ನಗ್ರಿ. ಪಾನ ಮಾತ್ರ ಕೊಡಲ್ಲ.”

ಯಾರೂ ನಗುವ ಮುಂಚೆ ಎದುರಂಗಡಿಯವನು ಮಾತಾಡಿದ.

“ಸುಳ್ಳು. ನಾನೂ ಎರಡು ಕೆಡಿಸೀನಿ. ಅದೂ ನಿನ್ನೇನೇ.”

ಆಗ ನಕ್ಕರು ನೋಡು. ಟಯರಿನವನು ಟಯರಿನ ಮೇಲೆ ಕೂತು ನಕ್ಕ. ಹಾರ್ನು ಬಾರಿಸುತ್ತಿದ್ದ ಜೀಪಿನವನೂ ನಕ್ಕ. ನಗುತ್ತ ನಗುತ್ತ ಇಂಜಿನ್ ಬಂದ್ ಮಾಡಿದ. ಕೆಡಿಸಿದ್ದರಲ್ಲೂ ಇವರದು ಪೈಪೋಟಿಯೇ ಎಂದು ಬಣ್ಣದವನು ಹೇಳಿದ. ವೆಲ್ಡರಿಗೆ ಆ ನಗು ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಎರಡು ದಿನದಿಂದ ಬಿಗಿದುಕೊಂಡಿದ್ದ ದವಡೆ ಸಡಿಲವಾಯಿತು. ಮುಚ್ಚಿಡಬೇಕಾದದ್ದು ಇನ್ನೇನೂ ಇರಲಿಲ್ಲ.

ಅವನು ಪಾನವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ಲೇಟಿನ ಪಕ್ಕದಲ್ಲಿ ಕೂತ. ಎದುರಂಗಡಿಯವನು ಆ ಪಕ್ಕದಲ್ಲಿ ಕೂತ. ನೀರು ಎರಚಿದರೆ ಬೇಗ ಆರುತ್ತದೆ ಎಂದ ಒಬ್ಬನನ್ನು ಇಬ್ಬರೂ ಒಟ್ಟಿಗೆ ಬೈದು ಕಳಿಸಿದರು. ಹೊತ್ತು ಹೋಯಿತು. ಅಂಗೈ ಇಟ್ಟರೆ ಮೊದಲು ಸುಟ್ಟಿತು, ಆಮೇಲೆ ಚುರುಗುಟ್ಟಿತು, ಆಮೇಲೆ ಬೆಚ್ಚಗಿತ್ತು, ಕೊನೆಗೆ ಬೀದಿಯ ಕಲ್ಲಿನಷ್ಟೇ ತಣ್ಣಗಿತ್ತು. ಇಬ್ಬರೂ ಅಂಗೈ ಇಟ್ಟು ನೋಡಿದರು. ಒಬ್ಬರ ಅಂಗೈಯನ್ನು ಇನ್ನೊಬ್ಬರು ನಂಬುವವರಲ್ಲ.

ವೆಲ್ಡರ್ ಬೋಲ್ಟು ಬಿಚ್ಚಿದ. ಈ ತುದಿಯದೊಂದು, ಆ ತುದಿಯದೊಂದು, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬಿಚ್ಚಿದ. ಪ್ರತಿ ಬೋಲ್ಟಿಗೂ ಆ ಟಣ್ ಸದ್ದು ಬರುತ್ತದೆಂದು ಕಿವಿಯಾನಿಸಿದ. ಎಂಟನೆಯದೂ ಬಂತು. ಸದ್ದು ಬರಲಿಲ್ಲ. ಎರಡು ಪ್ಲೇಟೂ ಸದ್ದಿಲ್ಲದೆ ಬೇರೆಯಾದವು.

ತನ್ನದನ್ನು ಬಸ್ಸಿನ ಗಾಜಿನ ಮೇಲೆ ಇಟ್ಟ. ಬ್ಲೇಡು ತೆಗೆದ. ಅಷ್ಟರಲ್ಲಿ ನೋಡಲು ಬಂದಿದ್ದ ಲೇತಿನ ಅಕ್ಕ ಬ್ಲೇಡು ಈಸಿಕೊಂಡಳು. ಈ ತುದಿಯಲ್ಲಿ ತೂರಿಸಿದಳು. ಹೋಗಲಿಲ್ಲ. ಆ ತುದಿಯಲ್ಲಿ ತೂರಿಸಿದಳು. ಹೋಗಲಿಲ್ಲ. ನಡುವೆ, ಮೂಲೆಗೆ, ತೂತಿನ ಅಂಚಿಗೆ. ಬ್ಲೇಡು ಬಗ್ಗಿತು, ಒಳಗೆ ಹೋಗಲಿಲ್ಲ. ಎದುರಂಗಡಿಯವನ ಪ್ಲೇಟು ಇಟ್ಟಳು. ಅದರಡಿಯೂ ಹೋಗಲಿಲ್ಲ.

“ಗಡ್ಡಕ್ಕಾದ್ರೂ ಬಳಸ್ಕೊಳ್ರಿ,” ಎಂದು ಬ್ಲೇಡನ್ನು ಇವನ ಕೈಗೆ ಕೊಟ್ಟು ಅವಳು ಲೇತಿಗೆ ಹೋದಳು.

ವೆಲ್ಡರ್ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟ. ಉಸಿರು ಬಿಟ್ಟ. ಬಿಟ್ಟ ಉಸಿರು ಮುಗಿಯಲೇ ಇಲ್ಲವೇನೋ ಎಂಬಷ್ಟು ಹೊತ್ತು ಬಿಟ್ಟ. ಆಮೇಲೆ ನೆನಪಾಯಿತು, ನಿನ್ನೆಯಿಂದ ಊಟ ಮಾಡಿಲ್ಲ. ಹಸಿವು ಒಮ್ಮೆಗೇ ಎದ್ದು ಹೊಟ್ಟೆ ಹಿಂಡಿತು. ಹೋಟೆಲಿನಿಂದ ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ ತರಿಸಿಕೊಂಡು ಬೀದಿಯಲ್ಲೇ ತಿಂದ. ಇಷ್ಟು ರುಚಿಯಾದ ಬದನೆಕಾಯಿಯನ್ನು ಅವನು ತನ್ನ ಜೀವಮಾನದಲ್ಲಿ ತಿಂದಿರಲಿಲ್ಲ.

ಅವನ ಜೀಪಿನವನು ಬಂದು ಹೆಡ್ಡರನ್ನು ತಿರುಗಿಸಿ ತಿರುಗಿಸಿ ನೋಡಿದ.

“ಅಂತೂ ನಿನ್ನ ಒಂದೇ ಉಸಿರಿನ ಬೆಸುಗೆ ಗೆದ್ದಿತಲ್ಲೋ.”

“ಒಂದೇ ಉಸಿರಲ್ಲ ಕಣಣ್ಣ. ನೂರು ಸಲ ನಿಂತು ಬೆಸೆದದ್ದು,” ಎಂದ ವೆಲ್ಡರ್, ಬಾಯಲ್ಲಿದ್ದ ರೊಟ್ಟಿ ನುಂಗಿ. “ನಾನು ಬೆಸೆದೆ. ಬಗ್ಗದಂಗೆ ಹಿಡಿದವನು ಅಗೋ, ಆ ಕಡೆ ಕೂತವನೆ.”

ಭಾನುವಾರ ಎರಡು ಜೀಪೂ ಓಡಿದವು. ಯಾವುದೂ ಕೆಮ್ಮಲಿಲ್ಲ. ಸೋಮವಾರ ಬೆಳಿಗ್ಗೆ ಬೀದಿಯಲ್ಲಿ ಎರಡು ಶಟರೂ ಎದ್ದವು.

ಇಷ್ಟು ಹೇಳಿ ಮೇಸ್ತ್ರಿ ನಿಲ್ಲಿಸಿದರು.

ಕತೆ ಎಲ್ಲಿಗೆ ಹೋಗುತ್ತದೆ ಎಂದು ಓಬಳೇಶನಿಗೆ ಗೊತ್ತಾಗಿತ್ತು. ಅದೇ ಅವನನ್ನು ಕೊರೆಯುತ್ತಿತ್ತು. ತಿಪ್ಪೇಶನ ಹೆಗಲ ಮೇಲೆ ಕೈ ಹಾಕಬೇಕು, ಒಂದೇ ತಟ್ಟೆಯಲ್ಲಿ ಉಣ್ಣಬೇಕು, ನಗಬೇಕು. ಅದು ತನ್ನಿಂದ ಆಗುವ ಮಾತಲ್ಲ. ಆಗದ್ದನ್ನು ಆಗುತ್ತದೆ ಎಂದು ಹೇಳಿ ಮೇಸ್ತ್ರಿಯೆದುರು ಸುಳ್ಳಾಡುವುದಕ್ಕೂ ಅವನಿಗೆ ಮನಸ್ಸಿಲ್ಲ.

“ಹಂಗಾದ್ರೆ ಆಮೇಲೆ ಅವರಿಬ್ಬರೂ ಸ್ನೇಹಿತರಾದರು ಅನ್ನಿ,” ಎಂದ, ಕೊನೆಯ ಕುಣಿಕೆಗೆ ತಾನೇ ಕತ್ತು ಕೊಟ್ಟವನ ಹಾಗೆ.

“ಇಲ್ಲಪ್ಪ,” ಎಂದರು ಮೇಸ್ತ್ರಿ. “ಸೋಮವಾರವೇ ಮತ್ತೆ ಜಗಳ ಆಡಿದರು. ಪ್ಲೇಟು ಮಾತ್ರ ನೆಟ್ಟಗೇ ಇತ್ತು.”

ಓಬಳೇಶ ಬಿಗಿಹಿಡಿದಿದ್ದ ಉಸಿರು ಬಿಟ್ಟು, ಎದ್ದು ಶಾಲೆಯ ಗೇಟಿನ ಕೆಲಸಕ್ಕೆ ಹೋದ.